ಮಾವನ ಗೀಟು, ಕಂಪ್ಯೂಟರಿನ ಲೆಕ್ಕ

ನನ್ನ ಸೋದರಮಾವನನ್ನು ಮನೆಗೆ ಕರೆದಾಗ ಒಂದು ಎಚ್ಚರಿಕೆ ವಹಿಸಬೇಕು. ಅವರನ್ನು ರಸ್ತೆಗೆ ಬೆನ್ನು ಮಾಡಿ ಕೂರಿಸಬೇಕು! ಮುಖ ಮಾಡಿ ಕೂರಿಸಿದಿರೋ, ಮುಗಿಯಿತು. ನೀವು ಮಗಳ ಮದುವೆ ಗೊತ್ತಾದ ಸುದ್ದಿ ಹೇಳಿ, ಹಿತ್ತಲಿಗೆ ಆನೆ ಬಂದ ಸುದ್ದಿ ಹೇಳಿ, ಅವರು "ಹೂಂ... ಹೂಂ..." ಎನ್ನುತ್ತಲೇ ಕೇಳಿ, ಕೊನೆಗೆ "ಒಂಬತ್ತು ಕಾರು, ಎರಡು ಬಸ್ಸು, ಒಂದು ಟ್ರ್ಯಾಕ್ಟರು" ಎಂದು ಉತ್ತರ ಕೊಡುತ್ತಾರೆ. ಬೆನ್ನು ಮಾಡಿ ಕೂರಿಸಿದರೂ ಪೂರ್ತಿ ಕ್ಷೇಮವೆಂದು ತಿಳಿಯಬೇಡಿ. ಅವರ ಕಿವಿಯೂ ಎಣಿಸುತ್ತದೆ. ಊಟದ ನಡುವೆ ತುತ್ತು ಕೈಯಲ್ಲೇ ಹಿಡಿದು, "ಪಿಕಪ್ಪು. ಗೊಬ್ಬರದ ಲೋಡು" ಎನ್ನುತ್ತಾರೆ. ಎದ್ದು ಹೋಗಿ ನೋಡಿದರೆ ಪಿಕಪ್ಪೇ, ಗೊಬ್ಬರದ್ದೇ!

ಇದು ಹುಟ್ಟುಗುಣವಲ್ಲ, ಸರ್ಕಾರ ಕಲಿಸಿದ ಗುಣ. ಹೆದ್ದಾರಿಯಲ್ಲಿ ದಿನಕ್ಕೆ ಎಷ್ಟು ವಾಹನ ಓಡಾಡುತ್ತವೆ ಎಂಬುದು ಸರ್ಕಾರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ಯಾರೋ ಒಬ್ಬರು ರಸ್ತೆ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಎಣಿಸಬೇಕು. ವರ್ಷಕ್ಕೆ ಎರಡು ಸಲ, ಏಳೇಳು ದಿನ. ಗಂಟೆಗೊಂದು ಹಾಳೆ. ಹಾಳೆಯಲ್ಲಿ ಬೈಕಿಗೊಂದು ಖಾನೆ, ಕಾರಿಗೊಂದು, ಬಸ್ಸಿಗೊಂದು, ಲಾರಿಗೊಂದು. ಒಂದು ಹೋದರೆ ಒಂದು ಗೀಟು. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ. ರಸ್ತೆ ಅಗಲ ಮಾಡಬೇಕೋ, ಬರೀ ಗುಂಡಿ ಮುಚ್ಚಿದರೆ ಸಾಕೋ ಎಂಬುದೆಲ್ಲ ಆ ಗೀಟುಗಳ ಮೇಲೆ ತೀರ್ಮಾನವಾಗುತ್ತದೆ. ಮಾವ ರಸ್ತೆ ಇಲಾಖೆಯಲ್ಲಿದ್ದಷ್ಟು ಕಾಲವೂ ಈ ಕೆಲಸ ಮಾಡಿದರು. ನಿವೃತ್ತರಾದ ಮೇಲೂ ಇಲಾಖೆ ಅವರನ್ನೇ ಕರೆಯುತ್ತಿತ್ತು. ಬೇರೆ ಯಾರು ಕೂರುತ್ತಾರೆ ಹೇಳಿ? ಕಳಸದ ದಾರಿಯಲ್ಲಿ, ಜಾವಳಿಗೆ ಸ್ವಲ್ಪ ಮೊದಲು, ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಇಳಿಜಾರಿನ ಬುಡದಲ್ಲಿ ಅವರ ಕುರ್ಚಿ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ ಅವರ ಪಾಳಿ. ವರ್ಷದ ಆ ಹದಿನಾಲ್ಕು ದಿನವೇ ಅವರಿಗೆ ಯುಗಾದಿ, ದೀಪಾವಳಿ ಎಲ್ಲ. ಉಳಿದ ದಿನಗಳನ್ನು ಅವರು ಸುಮ್ಮನೆ ಕಾಯುತ್ತಾ ಕಳೆಯುತ್ತಿದ್ದರು.

ಹೆಣ್ಣು ನೋಡಲು ಹೋದಾಗಲೂ ಅವರು ಎಣಿಸಿದರು! ಅತ್ತೆಯ ತವರು ಮೂಡಿಗೆರೆಯಲ್ಲಿ, ಮನೆ ರಸ್ತೆಗೆ ತಾಗಿಕೊಂಡೇ ಇತ್ತು. ಉಪ್ಪಿಟ್ಟು ಬಂತು, ಕಾಫಿ ಬಂತು, ಹುಡುಗಿಯೂ ಬಂದು ಕೂತಳು. ಹುಡುಗ ಮಾತ್ರ ಕಿಟಕಿಯನ್ನೇ ನೋಡುತ್ತಿದ್ದಾನೆ. "ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದು ಹಿರಿಯರು ಒತ್ತಾಯಿಸಿದ ಮೇಲೆ ಇವರು ಕೇಳಿದ ಪ್ರಶ್ನೆ: "ಈ ರಸ್ತೇಲಿ ಭಾನುವಾರ ಎಷ್ಟು ಲಾರಿ ಹೋಗ್ತವೆ?" ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಹುಡುಗಿ ತಲೆ ಎತ್ತದೆ, "ಎಂಬತ್ತಾರು" ಎಂದಳು. ಮಾವ ಅಲ್ಲಿಯೇ ಸೋತರು.

"ಬಾಯಿಗೆ ಬಂದದ್ದು ಹೇಳ್ದೆ ಕಣೇ!" ಎಂದು ಅತ್ತೆ ಈಗಲೂ ನಗುತ್ತಾರೆ. "ಪೀಡೆ ತೊಲಗ್ಲಿ ಅಂತ. ಇವ್ರು ಮುಂದಿನ ಭಾನುವಾರ ನಮ್ಮನೆ ಎದುರಿನ ಕಟ್ಟೆ ಮೇಲೆ ಬಂದು ಕೂತು ಎಣಿಸಿದ್ರು ಮಾರಾಯ್ತಿ! ಲೆಕ್ಕ ತಾಳೆ ಆಗ್ಲಿಲ್ಲ ಅಂತ ಅದರ ಮುಂದಿನ ಭಾನುವಾರವೂ ಬಂದ್ರು. ಮೂರನೇ ಭಾನುವಾರ ನಮ್ಮಪ್ಪ, ಇವನು ಹೀಗೆ ಕಟ್ಟೆ ಮೇಲೆ ಕೂರೋ ಬದ್ಲು ಅಳಿಯ ಆಗಿ ಒಳಗೇ ಕೂತ್ಕೊಳ್ಳಲಿ ಅಂತ ಮದುವೆ ಮಾಡಿದ್ರು."

ನಮ್ಮ ಚಿಕ್ಕಮ್ಮನ ಮಗನ ಮದುವೆಯಲ್ಲಿ ಊಟದ ಮನೆಯ ಬಾಗಿಲಿಗೆ ಇವರನ್ನು ನಿಲ್ಲಿಸಿದ್ದು ಯಾರೋ, ಅವರಿಗೆ ದೇವರು ಒಳ್ಳೆಯದು ಮಾಡಲಿ. ಅಡುಗೆಯವರಿಗೆ ಪಂಕ್ತಿಗೆ ಎಷ್ಟು ಜನವೆಂದು ಕರಾರುವಾಕ್ಕಾಗಿ ಹೇಳುತ್ತಿದ್ದರು, ಅದೇನೋ ನಿಜ. ಆದರೆ ಮೂರನೇ ಪಂಕ್ತಿಗೆ ಹೊರಟಿದ್ದ ದಪ್ಪ ಮೀಸೆಯ ಹಿರಿಯರೊಬ್ಬರನ್ನು ತಡೆದು, "ತಾವು ಮೊದಲ್ನೇ ಪಂಕ್ತೀಲೇ ಹೋಗಿದ್ರಿ. ಇದು ಎರಡನೇ ಟ್ರಿಪ್ಪು. ಬೇಜಾರಿಲ್ಲ, ಹೋಗಿ ಬನ್ನಿ. ಲೆಕ್ಕಕ್ಕೆ ಹೇಳ್ದೆ ಅಷ್ಟೆ" ಎಂದುಬಿಟ್ಟರು. ಅವರು ಹೆಣ್ಣಿನ ದೊಡ್ಡಪ್ಪ! ಅಂದಿನಿಂದ ಆ ಕಡೆಯ ನೆಂಟರು ನಮ್ಮಲ್ಲಿ ಒಂದು ಲೋಟ ನೀರು ಕುಡಿಯುವಾಗಲೂ ಮಾವ ಎಲ್ಲಿದ್ದಾರೆಂದು ಸುತ್ತ ನೋಡಿಕೊಳ್ಳುತ್ತಾರೆ.

ಇಂಥ ಮಾವನ ಕುರ್ಚಿಗೆ ಸಂಚಕಾರ ತಂದವಳು ನಾನೇ. ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಇಲಾಖೆಯ ಎಂಜಿನಿಯರ್ ಒಬ್ಬರು ಬಂದು, ಕಂಬದ ಮೇಲೆ ಕ್ಯಾಮೆರಾ ಕೂರಿಸಿ ಕಂಪ್ಯೂಟರಿನಿಂದಲೇ ವಾಹನ ಎಣಿಸಲು ಸಾಧ್ಯವೇ ಎಂದು ಕೇಳಿದರು. ನಮ್ಮ ವಿದ್ಯಾರ್ಥಿಗಳು ಕುಣಿದಾಡಿದರು. ನಾನೂ ಕುಣಿದೆ. ಎಲ್ಲಿ ಪರೀಕ್ಷೆ ಮಾಡುವುದೆಂದು ಕೇಳಿದರೆ ಎಂಜಿನಿಯರ್ ಹೇಳಿದ ಜಾಗ ಜಾವಳಿಯ ಇಳಿಜಾರು! ಅಲ್ಲಿನ ಹಳೆಯ ಲೆಕ್ಕವೆಲ್ಲ ನಂಬಿಕೆಗೆ ಯೋಗ್ಯವಾಗಿದೆಯಂತೆ. ಈ ಸಲ ಎರಡೂ ನಡೆಯಲಿ, ಕುರ್ಚಿಯೂ ಇರಲಿ, ಕ್ಯಾಮೆರಾವೂ ಇರಲಿ, ಎರಡರ ಲೆಕ್ಕ ತಾಳೆಯಾದರೆ ಮುಂದಿನ ಸಲದಿಂದ ಕುರ್ಚಿ ಬೇಡ ಎಂದರು. ಆ ಸುದ್ದಿಯನ್ನು ಮಾವನಿಗೆ ಮುಟ್ಟಿಸುವ ಕೆಲಸ ನನ್ನ ತಲೆಗೇ ಬಂತು.

"ಕ್ಯಾಮೆರಾ ಅದೇ ನೋಡ್ತದೆ, ಕಂಪ್ಯೂಟರ್ ಅದೇ ಎಣಿಸ್ತದೆ ಮಾವ" ಎಂದೆ.

"ಏಳು ದಿನವೂ?"

"ಏಳು ದಿನವೂ."

"ಮಧ್ಯೆ ಕಾಫಿಗೆ ಅಂತ ಎದ್ದು ಹೋಗೋದಿಲ್ವಾ?"

"ಇಲ್ಲ."

"ಪಾಳಿ ಬದಲಾಯಿಸೋರು ಬರ್ಲಿಲ್ಲ ಅಂತ ಜಗಳ?"

"ಇಲ್ಲ ಮಾವ!"

ಮಾವ ತಲೆಯಾಡಿಸಿ, "ಅಷ್ಟು ಒಳ್ಳೇ ನೌಕರ ಇಲಾಖೇಲಿ ಬಹಳ ದಿನ ಉಳಿಯಲ್ಲ ಬಿಡು" ಎಂದರು. ಆಮೇಲೆ ಎದ್ದು ಹೋಗಿ ಮಡಚುವ ಕುರ್ಚಿಯನ್ನು ಹೊರಗೆ ತಂದು, ಇಡೀ ಮಧ್ಯಾಹ್ನ ಅದನ್ನು ಒರೆಸುತ್ತಾ ಕೂತರು.

ಅತ್ತೆ ಸುಮ್ಮನಿರುತ್ತಾರೆಯೇ? "ಆ ಕುರ್ಚಿ ಹೋದ್ರೆ ಇವ್ರು ಮನೇಲಿ ಕೂತು ನಾನು ಒಗ್ಗರಣೆಗೆ ಎಷ್ಟು ಸಾಸಿವೆ ಹಾಕ್ದೆ ಅಂತ ಎಣಿಸ್ತಾರೆ. ನಿನ್ನ ಕಂಪ್ಯೂಟರ್ ವಾಪಸ್ ತಗೊಂಡು ಹೋಗೇ ಮಾರಾಯ್ತಿ!" ಎಂದು ರೇಗಿದರು. ನಾನು ಹೊರಡುವಾಗ ಮಾತ್ರ ಗೇಟಿನ ತನಕ ಬಂದು, ದನಿ ತಗ್ಗಿಸಿ ಕೇಳಿದರು: "ಅದು ನಿಜವಾಗ್ಲೂ ಎಲ್ಲಾನೂ ನೋಡ್ತದಾ?"

ಕಾಳುಮೆಣಸು ಕುಯ್ಲಿನ ಕಾಲದಲ್ಲಿ ಎಣಿಕೆ ಶುರುವಾಯಿತು. ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ಕಂಪ್ಯೂಟರ್ ಒಂದು ಟ್ರೈಲರ್ ಲಾರಿಯನ್ನು ದಾಖಲಿಸಿತು. ಹುಡುಗರು ಗಾಬರಿಯಾದರು. ಈ ತಿರುವಿನ ರಸ್ತೆಯಲ್ಲಿ ಟ್ರೈಲರ್ ಎಲ್ಲಿಂದ ಬಂತು? ವೀಡಿಯೊ ಹಿಂದೆ ತಿರುಗಿಸಿ ನೋಡಿದರೆ ಇಬ್ಬರು ಆಳುಗಳು, ಒಬ್ಬ ಮುಂದೆ ಒಬ್ಬ ಹಿಂದೆ, ಮೆಣಸು ಕುಯ್ಯುವ ಉದ್ದನೆಯ ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಪಕ್ಕದ ತೋಟಕ್ಕೆ ಹೋಗುತ್ತಿದ್ದಾರೆ! ಹತ್ತು ಗಂಟೆಗೆ ಇನ್ನೊಂದು ಪವಾಡ. ಮಲೆನಾಡು ಗಿಡ್ಡ ತಳಿಯ ಹಸುವೊಂದು ನಡುರಸ್ತೆಯಲ್ಲಿ ಮಲಗಿತು. ಅದು ಬಾಲ ಬೀಸಿದಾಗಲೆಲ್ಲ ಕಂಪ್ಯೂಟರ್ ಒಂದು ಆಟೋ ಎಂದು ಬರೆದುಕೊಂಡಿತು. ಅರ್ಧ ಗಂಟೆಯಲ್ಲಿ ಜಾವಳಿಯಲ್ಲಿ ಚಿಕ್ಕಮಗಳೂರಿಗಿಂತ ಹೆಚ್ಚು ಆಟೋಗಳಾದವು.

ಮಾವ ಕುರ್ಚಿಯಿಂದ ಏಳದೆಯೇ ನಕ್ಕರು. "ಮೆಣಸಿನ ಏಣಿ ಗೊತ್ತಿಲ್ವಾ ಅದಕ್ಕೆ? ಯಾವೂರಲ್ಲಿ ಓದಿದ್ದು ಅದು?" ಹುಡುಗರು ಬಂದು ಪರದೆ ನೋಡಿ ಎಂದು ಎಷ್ಟು ಕರೆದರೂ ಅವರು ಬರಲಿಲ್ಲ. "ಅದರ ಮುಖ ನಾನು ನೋಡಲ್ಲ" ಎಂದರು. ಪಾಪ, ಸಿಟ್ಟು ಎಂದುಕೊಂಡೆವು. ಆದರೂ ಕೂತಲ್ಲಿಂದಲೇ ಹುಡುಗರಿಗೆ ಪಾಠ ಹೇಳಿದರು. ಹಾಳೆಗಳನ್ನು ಖಾನೆಗೊಂದರಂತೆ ಮಡಿಕೆ ಹಾಕಿಟ್ಟುಕೊಂಡು ಬರೆಯುತ್ತಿದ್ದರು. ಅದೂ ಅವರ ಹಲವು ಚಟಗಳಲ್ಲಿ ಒಂದು ಎಂದು ನಾವು ಬಿಟ್ಟುಬಿಟ್ಟೆವು. ಎರಡನೇ ದಿನದ ಹೊತ್ತಿಗೆ ಕಂಪ್ಯೂಟರ್ ಏಣಿಯನ್ನು ಏಣಿಯೆಂದೂ ಹಸುವನ್ನು ಹಸುವೆಂದೂ ತಿಳಿದುಕೊಂಡಿತು.

ಮೂರನೇ ದಿನ ಬೆಳಿಗ್ಗೆ ಮಂಜು ಬಿತ್ತು. ನಮ್ಮ ಕಡೆಯ ಮಂಜು ಗೊತ್ತಲ್ಲ, ಚಾಚಿದ ಕೈ ತನ್ನದೋ ಪಕ್ಕದವನದೋ ಎಂದು ಚಿವುಟಿ ನೋಡಬೇಕು! ಕ್ಯಾಮೆರಾಕ್ಕೆ ಬಿಳಿ ಬಣ್ಣ ಬಿಟ್ಟು ಬೇರೇನೂ ಕಾಣದೆ, ಎರಡು ಗಂಟೆ ಕಾಲ ಸೊನ್ನೆ ಸುತ್ತಿತು. ಅವತ್ತೇ ಎಂಜಿನಿಯರ್ ಬರಬೇಕೇ? ಬಂದವರು ಮಾವನ ಪಕ್ಕ ನಿಂತರು. ಮಾವ ತಮ್ಮ ಪಾಡಿಗೆ ಗೀಟು ಹಾಕುತ್ತಾ ಹೇಳುತ್ತಿದ್ದರು: "ಜೀಪು, ಜನ ತುಂಬಿದೆ... ಬೈಕು... ಸಂಸೆ ಬಸ್ಸು, ಕ್ಲಚ್ಚು ಜಾರ್ತಾ ಇದೆ." ಒಂದೊಂದಾಗಿ ಮಂಜಿನಿಂದ ಅವೇ ಹೊರಬಂದವು. ಸಂಸೆಯ ಬಸ್ಸಿನ ಡ್ರೈವರು ಎಂಜಿನಿಯರನ್ನು ದಾಟುವಾಗಲೇ ಕ್ಲಚ್ಚಿಗೆ ಬಯ್ಯುತ್ತಿದ್ದ!

ಎಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಕಂಪ್ಯೂಟರ್ ಇರ್ಲಿ. ಆದ್ರೆ ಅದರ ತಪ್ಪು ಹಿಡಿಯೋಕೆ ಒಬ್ರು ಬೇಕು. ಬಿಸಿಲಿನ ದಿನದ ಹಾಳೆಗಳೂ ಹೀಗೇ ಸರಿಯಿದ್ರೆ ಇವ್ರೇ ಆಗ್ಲಿ, ಕುರ್ಚಿ ಉಳಿಸೋ ಜವಾಬ್ದಾರಿ ನಂದು. ಎರಡು ತಿಂಗಳಲ್ಲಿ ವರದಿ ಕೊಡಿ." ನನಗೆ ಹಾರುವಷ್ಟು ಸಂತೋಷವಾಯಿತು. ಮಾವನ ಹಾಳೆ ತಪ್ಪುವುದುಂಟೇ?

ತಪ್ಪಿತ್ತು.

ಚಿಕ್ಕಮಗಳೂರಿಗೆ ಬಂದು ಎರಡೂ ಲೆಕ್ಕಗಳನ್ನು ಗಂಟೆ ಗಂಟೆಗೆ ಪಕ್ಕದಲ್ಲಿಟ್ಟು ನೋಡಿದೆ. ಬಿಸಿಲಿನ ದಿನಗಳಲ್ಲಿ ಮಾವನ ಹಾಳೆಯಲ್ಲಿ ಒಂದೊಂದು ಗಂಟೆಗೆ ಎರಡೋ ಮೂರೋ ವಾಹನ ಕಡಿಮೆ. ಕಂಪ್ಯೂಟರೇ ಹೆಚ್ಚು ಬರೆದಿರಬೇಕು, ಇನ್ನೊಂದು ಹಸು ಮಲಗಿರಬೇಕು ಎಂದುಕೊಂಡು, ಮಾವ ಬಿಟ್ಟ ಒಂದೊಂದನ್ನೂ ವೀಡಿಯೊದಲ್ಲಿ ಹುಡುಕಿದೆ. ಮೊದಲನೆಯದು ಎಲೆಕ್ಟ್ರಿಕ್ ಸ್ಕೂಟರ್. ಎರಡನೆಯದೂ ಅದೇ. ಮೂರನೆಯದು ಸೈಕಲ್. ಆಮೇಲೊಂದು ಜೀಪು. ಡೀಸೆಲ್ ಉಳಿಸಲು ನಮ್ಮವರು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಡುತ್ತಾರಲ್ಲ, ಹಾಗೆ ಜಾರಿಕೊಂಡು ಬಂದದ್ದು. ಆಮೇಲೆ ಪ್ರವಾಸಿಗಳ ಎಲೆಕ್ಟ್ರಿಕ್ ಕಾರು, ಮನೆಯಷ್ಟು ದೊಡ್ಡದು, ಮಾವನ ಮೂಗಿನ ಮುಂದೆಯೇ ಹೋಗಿದೆ. ಸದ್ದು ಮಾಡಿದ ಒಂದೂ ತಪ್ಪಿರಲಿಲ್ಲ. ಸದ್ದು ಮಾಡದ್ದು ಒಂದೂ ಹಾಳೆಯಲ್ಲಿರಲಿಲ್ಲ.

ವೀಡಿಯೊದ ಮೂಲೆಯಲ್ಲಿ ಮಾವ ಕಾಣುತ್ತಿದ್ದರು. ದೊಡ್ಡದು ಮಾಡಿ ನೋಡಿದೆ. ಅವರ ಮುಖ ರಸ್ತೆಯ ಕಡೆ ಇರಲಿಲ್ಲ. ಕಿವಿ ಇತ್ತು. ಕಣ್ಣು ಮುಚ್ಚಿತ್ತು. ಎಡಗೈ ಬೆರಳು ಹಾಳೆಯ ಮಡಿಕೆಯನ್ನು ತಡವಿ ಖಾನೆ ಹುಡುಕುತ್ತಿತ್ತು. ಪತ್ರಿಕೆಯಲ್ಲಿ ಬರೀ ಸುಳ್ಳು ಎಂದು ಅವರು ಈಚೆಗೆ ಓದುವುದನ್ನು ಬಿಟ್ಟದ್ದು, ಪರದೆ ನೋಡಲು ಬರದಿದ್ದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ನಮ್ಮ ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ! ನಾವೆಲ್ಲ ಪಕ್ಕದಲ್ಲೇ ಕೂತು ನಗುತ್ತಿದ್ದೆವು.

ಆದರೆ ಒಂದು ವಿಚಿತ್ರವಿತ್ತು. ಹನ್ನೊಂದರಿಂದ ಹನ್ನೆರಡರ ಹಾಳೆ ಏಳೂ ದಿನ ಪೂರ್ತಿ ಸರಿ. ಸ್ಕೂಟರ್, ಸೈಕಲ್, ಜಾರಿ ಬಂದ ಜೀಪು, ಒಂದೂ ಬಿಟ್ಟಿಲ್ಲ. ಆ ಗಂಟೆಯ ವೀಡಿಯೊ ಹಾಕಿದೆ. ಅತ್ತೆ ಫ್ಲಾಸ್ಕು ಹಿಡಿದು ರಸ್ತೆಯಂಚಿನಲ್ಲಿ ನಡೆದು ಬರುತ್ತಾರೆ. ಕಾಫಿ ಬಗ್ಗಿಸಿ ಕೊಡುತ್ತಾರೆ. ಆಮೇಲೆ ಮನೆಗೆ ಹೋಗುವುದಿಲ್ಲ. ಕುರ್ಚಿಯ ಹಿಂದೆ ನಿಂತು ಮಾವನ ಹೆಗಲ ಮೇಲೆ ಕೈ ಇಡುತ್ತಾರೆ. ಎಲೆಕ್ಟ್ರಿಕ್ ಸ್ಕೂಟರ್ ಬಂತು. ಅತ್ತೆಯ ಬೆರಳು ಒಂದು ಸಲ ತಟ್ಟಿತು, ಮಾವ ಗೀಟು ಹಾಕಿದರು. ಕಾರು ಬಂತು. ಎರಡು ಸಲ ತಟ್ಟಿತು. ಗಂಟೆ ಮುಗಿಯುವ ತನಕ ಆ ಬಿಸಿಲಲ್ಲಿ ನಿಂತೇ ಇದ್ದರು.

ಮರುದಿನ ಮೊದಲ ಬಸ್ಸಿಗೆ ಜಾವಳಿಗೆ ಹೋದೆ. ಮಾವ ಜಗಲಿಯಲ್ಲಿದ್ದರು. ಪಕ್ಕ ಕೂತು, "ಯಾವಾಗಿಂದ ಮಾವ?" ಎಂದೆ.

ಅವರು ಪಂಚೆಯ ಅಂಚನ್ನು ಬೆರಳಲ್ಲಿ ಮಡಿಸಿದರು. ಆಮೇಲೆ, "ಹೋದ ವರ್ಷದಿಂದ. ಮೊದ್ಲು ಮಸುಕಿತ್ತು. ಈಗ ಬೆಳಕು, ನೆರಳು ಅಷ್ಟೆ" ಎಂದರು.

"ಡಾಕ್ಟರ ಹತ್ರ ಯಾಕೆ ಹೋಗ್ಲಿಲ್ಲ?"

"ಹೋದ್ರೆ ಇನ್ನು ವಾಸಿ ಆಗಲ್ಲ, ಮನೇಲಿರಿ ಅಂದ್ರೆ? ಕುರ್ಚೀಲಿ ಕೂತಾಗ ನಾನು ಏನೋ ಒಂದು ಆಗಿರ್ತೀನಿ ಮಾರಾಯ್ತಿ. ಮನೇಲಿ ಬರೀ ಮುದುಕ."

ಒಳಗಿಂದ ಅತ್ತೆ ಬಂದರು. ನಾನು ವೀಡಿಯೊ ವಿಷಯ ಹೇಳಿದ್ದೇ ತಡ, ನನ್ನ ಕೈ ಹಿಡಿದುಕೊಂಡರು. "ಹಂಗಾದ್ರೆ ಅದು ನನ್ನನ್ನೂ ನೋಡ್ತಾ? ಅದೊಂದು ಬರೀಬೇಡ ಕಣೇ, ನಿನ್ನ ದಮ್ಮಯ್ಯ! ಸರ್ಕಾರಿ ಕೆಲ್ಸದಲ್ಲಿ ಹೆಂಡ್ತಿ ಕೈ ಹಾಕಿದ್ಲು ಅಂತ ಇವ್ರ ಮರ್ಯಾದೆ ಹೋಗ್ತದೆ." ಬರೆಯುವುದಿಲ್ಲ ಎಂದು ಮಾತು ಕೊಟ್ಟೆ, ಮಾವ ಡಾಕ್ಟರ ಹತ್ತಿರ ಬರಬೇಕೆಂಬ ಷರತ್ತಿನ ಮೇಲೆ.

ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಪೊರೆ ಬಂದಿದೆ, ಎರಡೂ ಕಣ್ಣಿಗೆ. ತೆಗೆದ್ರೆ ಆಯ್ತು. ಇಷ್ಟು ದಿನ ಎಂತಕ್ಕೆ ಕಾದ್ರಿ?" ಎಂದು ಬೈದರು. ಒಬ್ಬರಿಂದ ಬೈಸಿಕೊಂಡು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಒಂದು ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಮಾವ ಹೇಳಿದರು: "ಮೂರು. ನಿಮ್ಮ ಹಿಂದೆ ಇಬ್ರು ನರ್ಸು ಹೋದ್ರು, ಒಂದು ಗಾಲಿ ಕುರ್ಚಿ ಬಂತು." ಮೂರು ವಾರ ಬಿಟ್ಟು ಇನ್ನೊಂದು ಕಣ್ಣೂ ಆಯಿತು.

ವರದಿಯ ಗಡುವು ಹತ್ತಿರ ಬಂದಿತ್ತು. ಹಾಳೆಗಳ ವಿಷಯ ಏನು ಬರೆಯುವುದೆಂದು ನನಗೆ ನಿದ್ದೆ ಇರಲಿಲ್ಲ. ತಪ್ಪಿದ್ದನ್ನು ಸ್ವಲ್ಪ ಮರೆಮಾಚಿದರೆ ಕುರ್ಚಿ ಉಳಿಯುತ್ತದೆ. ಮಾವನಿಗೆ ಅದು ಹೇಗೆ ತಿಳಿಯಿತೋ, "ತಪ್ಪಿದ್ದನ್ನ ತಪ್ಪಿದೆ ಅಂತಲೇ ಬರಿ. ಕುರ್ಚಿ ಹೋದ್ರೆ ಹೋಗ್ಲಿ. ಸುಳ್ಳು ಗೀಟಿನ ಮೇಲೆ ಮಾಡಿದ ರಸ್ತೆ ಉಳೀತದಾ?" ಎಂದು ಗದರಿದರು. ಮಾವನೇ ಹೇಳಿ ಬರೆಸಿದ್ದೆಂದೂ ಸೇರಿಸಿ ಹಾಗೆಯೇ ಬರೆದೆ. ಕಣ್ಣಿನ ಪೊರೆ, ಸದ್ದಿಲ್ಲದ ವಾಹನ, ಆಪರೇಷನ್ ಎಲ್ಲವನ್ನೂ. ಅತ್ತೆಗೆ ಕೊಟ್ಟ ಮಾತಿನಂತೆ ಆ ಒಂದು ಸಂಗತಿಯನ್ನು ಮಾತ್ರ ಬಿಟ್ಟೆ.

ವಾರದ ನಂತರ ಎಂಜಿನಿಯರ್ ಫೋನ್ ಮಾಡಿದಾಗ ನಾನು ಮಾವನ ಮನೆಯಲ್ಲೇ ಇದ್ದೆ. ಸ್ಪೀಕರ್ ಹಾಕಿದೆ. "ಮೇಡಂ, ಮುಂದಿನ ಎಣಿಕೆಗೆ ಅವ್ರು ಬರ್ಲೇಬೇಕು. ತಪ್ಪನ್ನ ತಾವೇ ಒಪ್ಪಿಕೊಳ್ಳೋರು ನಂಗೆ ಇನ್ನೆಲ್ಲಿ ಸಿಗ್ತಾರೆ? ಕಂಪ್ಯೂಟರ್ ಎಣಿಸ್ಲಿ, ಇವ್ರು ಅದನ್ನ ನೋಡ್ಕೊಳ್ಳಲಿ" ಎಂದರು. ಆಮೇಲೆ ಅವರೇ ಮುಂದುವರಿಸಿದರು: "ಒಂದೇ ಒಂದು ಅರ್ಥ ಆಗ್ಲಿಲ್ಲ. ಹನ್ನೊಂದರಿಂದ ಹನ್ನೆರಡು ಏಳೂ ದಿನ ಹೇಗೆ ಸರಿಯಾಯ್ತು?"

ಮಾವ ಫೋನಿನ ಕಡೆ ಬಾಗಿ ಹೇಳಿದರು: "ಆ ಗಂಟೆ ನಂದಲ್ಲ ಸಾರ್. ಹಾಳೆ ಸರಿ ಮಾಡಿ ಕಳಿಸ್ತೀನಿ."

ನನ್ನ ಚೀಲದಿಂದ ಆ ಏಳು ಹಾಳೆಗಳನ್ನು ತೆಗೆಸಿ ಮೇಜಿನ ಮೇಲೆ ಹರಡಿದರು. ಪ್ರತಿ ಹಾಳೆಯ ಕೆಳಗೆ 'ಎಣಿಸಿದವರ ಹೆಸರು ಮತ್ತು ಸಹಿ' ಎಂದಿರುತ್ತದೆ. ಅಲ್ಲಿದ್ದ ತಮ್ಮ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ 'ಶ್ರೀಮತಿ ಗಿರಿಜಮ್ಮ' ಎಂದು ಬರೆದರು. ಏಳು ಸಲ. ನಮ್ಮ ಮನೆಗಳಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ನಾನು ಹುಟ್ಟಿದಾಗಿನಿಂದ ಮಾವನ ಬಾಯಲ್ಲಿ ಅತ್ತೆ 'ಇವಳೇ' ಆಗಿದ್ದವರು. ಅವತ್ತು ಮಾವ ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು.

"ಗಿರಿಜಾ, ಬಾ ಇಲ್ಲಿ. ಸಹಿ ಮಾಡು."

ಅತ್ತೆ ಸೌಟು ಹಿಡಿದೇ ಬಾಗಿಲಿಗೆ ಬಂದರು. ಯಾರಾದರೂ ನೆಂಟರು ಬಂದಿರಬೇಕೆಂದು ಅತ್ತಿತ್ತ ನೋಡಿ, "ಯಾರನ್ನ ಕರೆದ್ರಿ?" ಎಂದು ಕೇಳಿದರು.

"ನಿನ್ನನ್ನೇ. ಲೆಕ್ಕ ನಿಂದು, ಸಹಿ ನೀನು ಮಾಡ್ಬೇಕು."

ಅತ್ತೆ ಸೌಟನ್ನು ನನ್ನ ಕೈಗೆ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡತೊಡಗಿದರು. ಹಾಳೆ ಗಾಳಿಗೆ ಏಳದಂತೆ ಮಾವ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಏಳೂ ಸಹಿ ಮುಗಿಯುವ ತನಕ ಅತ್ತೆಯ ಮುಖವನ್ನೇ ನೋಡುತ್ತಾ ನಿಂತಿದ್ದರು.